ಸಮುದ್ರ ಮಟ್ಟದಿಂದ

ಭಾನುವಾರ, ಬೆಳಗಿನ ನಾಲ್ಕೂವರೆ, ನೆಲಮಾಳಿಗೆ.
ಎರಡು ಮೀಟರ್ ಕಾಂಕ್ರೀಟಿನಾಚೆ
ಮಾಗಡಿ ರಸ್ತೆಯಲ್ಲಿ ಲಾರಿ ಓಡುತ್ತಿವೆಯೋ ಇಲ್ಲವೋ
ಇಲ್ಲಿಗೆ ತಿಳಿಯದು.

ತೊಟ್ಟಿಗೆ ಪೈಪು ಹಿಡಿದು ಕೂತ ಮುನಿವೆಂಕಟಪ್ಪ:
"ನಮ್ ಬೀದಿಗೆ ವಾರಕ್ಕೊಂದು ಟ್ಯಾಂಕರ್ರು ಮೇಡಂ,
ಈ ಮಿಷನ್ ಸ್ನಾನಕ್ಕೆ ಇನ್ನೂರು ಲೀಟ್ರು!"
ಸ್ನಾನವಲ್ಲ ಮಾರಾಯ,
ಇವತ್ತಿನ ಮಟ್ಟಿಗೆ ಈ ನೀರೇ ಮನುಷ್ಯ.
ಮೂಳೆಯಿಲ್ಲದ, ಕೆಮ್ಮದ,
ನಾಲ್ಕು ಮೂಲೆಯ ಮನುಷ್ಯ.
ಅವನು ತೊಟ್ಟಿಯನ್ನೊಮ್ಮೆ ನೋಡಿದ.
ಆಮೇಲೆ ಪೈಪನ್ನು ತುಸು ಮೆಲ್ಲಗೆ ಹಿಡಿದ.

ಕಿರಣವನ್ನು ಯಾರೂ ಕಂಡಿಲ್ಲ,
ಹನ್ನೊಂದು ವರ್ಷದಿಂದ ಅಳೆಯುವ ನಾನೂ.
ಬಾಗಿಲು ಮುಚ್ಚುತ್ತದೆ, ಕೆಂಪು ದೀಪ, ಗುಂಯ್ ಎಂಬ ಸದ್ದು,
ಪರದೆಯ ಮೇಲೆ ಒಂದು ಗೆರೆ ಏಳುತ್ತದೆ, ಅಷ್ಟೆ:
ನೀರಿನ ಚರ್ಮದ ಕೆಳಗೆ ಒಂದೂವರೆ ಸೆಂಟಿಮೀಟರಿಗೆ ತುಂಬು,
ಹತ್ತಕ್ಕೆ ಬರುವಾಗ ಮೂರರಲ್ಲಿ ಎರಡು ಪಾಲು,
ಆಮೇಲೆ ಮುಗಿಯದ ಇಳಿಜಾರು.
ಅಡ್ಡಕ್ಕೆ ಅಳೆದರೆ ಜಗಲಿ, ನೆತ್ತಿ ಸಪಾಟು,
ಎರಡೂ ಅಂಚು ಒಂದೇ ಹದಕ್ಕೆ ಕಡಿದು ಬಿದ್ದಂತೆ.

ಗೆರೆ ಸರಿಯಿದೆ. ತೂಕ ಸರಿಯಿಲ್ಲ.
ನೂರು ಕೊಡು ಎಂದರೆ ತೊಂಬತ್ತು.
ಮೂರು ಸಲ. ಮೂರು ಸಲವೂ ತೊಂಬತ್ತು.
ಅಫ್ಷೀನ್, ಕೆಲಸಕ್ಕೆ ಸೇರಿ ಆರು ತಿಂಗಳು:
"ಮಿಷನ್ನೇ ಕಮ್ಮಿ ಕೊಡ್ತಿದೆ, ಏರಿಸಿಬಿಡೋಣ್ವಾ?"
ಏರಿಸುವುದು ಒಂದು ತಿರುಪಿನ ಕೆಲಸ.
ಕೈ ಹೋಗಿತ್ತು ಕೂಡ.

ಆಗ ನೆನಪಾದವನು ತರಗುಪೇಟೆಯ ಗಂಗಹನುಮಯ್ಯ,
ನಲವತ್ತು ವರ್ಷ ತಕ್ಕಡಿ ರಿಪೇರಿ ಮಾಡಿದವನು.
ಗಂಟಲಿಗೆ ಮೂವತ್ತೈದು ಸಲ; ಇಪ್ಪತ್ತೆರಡು ಆಗಿದೆ.
ಮೊದಲ ದಿನ, ಬಲೆಯ ಮುಖವಾಡ ಬಿಗಿಯುವ ಮುಂಚೆ,
ಉಳಿದಷ್ಟು ದನಿಯಲ್ಲಿ ಕೇಳಿದ್ದ:
"ನಿಮ್ ತಕ್ಕಡಿಗೆ ಮುದ್ರೆ ಹಾಕೋರು ಯಾರಮ್ಮ?"
ಮುಂಬೈಯಿಂದ ಬರುತ್ತೆ ಅಂದೆ.
"ಮುದ್ರೆ ಸರಿ. ಅಕ್ಕಿ ಕಮ್ಮಿ ಬಂದ್ರೆ
ಮೊದ್ಲೇ ಅಕ್ಕಿ ಮೇಲೆ ಅನುಮಾನ ಪಡಬೇಡಿ.
ತಕ್ಕಡಿ ಎಲ್ಲಿ ಕೂತಿದೆ ನೋಡಿ."

ನಮ್ಮ ತಕ್ಕಡಿ ಕಿರುಬೆರಳ ತುದಿಯಷ್ಟು ಗೂಡು,
ಒಳಗೆ ಒಂದು ಚಿಟಿಕೆ ಗಾಳಿ.
ಆ ಗಾಳಿಯನ್ನು ಕಿರಣ ಎಷ್ಟು ಒಡೆಯಿತೋ ಅಷ್ಟು ಲೆಕ್ಕ.
ಗಾಳಿಯೇ ಎಷ್ಟಿದೆ ಗೊತ್ತಿಲ್ಲದೆ
ಒಡೆದ ಚೂರು ಎಣಿಸಿ ಏನು?
"ಒತ್ತಡ ಎಷ್ಟು ಬರೆದೆ?"
"ಸಾವಿರದ ಹದಿನಾಲ್ಕು."
"ಎಲ್ಲಿ ನೋಡಿದೆ?"
"ಫೋನಲ್ಲಿ. ಗೋಡೆಯದು ರಿಪೇರಿಗೆ ಹೋಗಿದೆಯಲ್ಲ."

ಫೋನಿನೊಳಗಿನ ಬೆಂಗಳೂರು ಕಡಲ ದಡದಲ್ಲಿದೆ.
ಹವಾಮಾನದವರು ಎಲ್ಲ ಊರನ್ನೂ ಕೆಳಗಿಳಿಸಿ
ಒಂದೇ ಸಾಲಿಗೆ ನಿಲ್ಲಿಸಿ ಮಾತಾಡಿಸುತ್ತಾರೆ.
ಅಲ್ಲಿ ಮೆಜೆಸ್ಟಿಕ್ಕಿಗೆ ಅಲೆ ಬರುತ್ತದೆ,
ಲಾಲ್‌ಬಾಗಿನ ಬಂಡೆ ಉಪ್ಪಗಿದೆ.
ನಿಜದ ಊರು ಮೂರು ಸಾವಿರ ಅಡಿ ಮೇಲೆ,
ಗಾಳಿ ತೆಳ್ಳಗಾಗಿ,
ಮಂಗಳೂರಿನಿಂದ ಬಂದ ನನ್ನ ಅತ್ತೆ
ಬೇಳೆ ಬೇಯುತ್ತಿಲ್ಲವೆಂದು ಬೇಳೆಯನ್ನೇ ಬೈದಲ್ಲಿ.

ಲ್ಯಾಬಿನ ಬೀರುವಿನಿಂದ ಹಳೆಯ ಪಾದರಸದ ಕೋಲು ತಂದೆವು.
ಅದರ ಅಂಕಿ ತಿರುಗಿಸಿದರೆ ಒಂಬೈನೂರ ಹನ್ನೆರಡು.
ಗುಣಿಸಿದೆ.
ನೂರಕ್ಕೆ ಕಾಲು ಕಮ್ಮಿ.
ಮಿಷನ್ ಮೊದಲಿಂದಲೂ ಸರಿಯಾಗಿಯೇ ಕೊಡುತ್ತಿತ್ತು.
ನಾಳೆ ಎಂಟಕ್ಕೆ ಆ ಗಂಟಲು ಬರುತ್ತದೆ,
ಹನ್ನೊಂದು ಪಾಲು ಹೆಚ್ಚು ಬಿದ್ದಿದ್ದರೆ
ಕೇಳಲು ಅದಕ್ಕೆ ದನಿಯೂ ಇರುತ್ತಿರಲಿಲ್ಲ.

ಅಫ್ಷೀನ್ ಲಾಗ್‌ಬುಕ್ಕಿನಲ್ಲಿ
ಸಾವಿರದ ಹದಿನಾಲ್ಕನ್ನು ಅಳಿಸದೆ,
ಓದಲು ಬರುವಂತೆ ಒಂದೇ ಗೆರೆ ಹೊಡೆದು ಸಹಿ ಹಾಕಿದಳು.
ಕೆಳಗೆ ನಾನೂ ಹಾಕಿದೆ.
ತಿರುಪಿನ ಮೇಲಿದ್ದ ಕೈಯನ್ನು ಬರೆಯಲು
ಅದರಲ್ಲಿ ಖಾನೆ ಇಲ್ಲ.

ಮುನಿವೆಂಕಟಪ್ಪ ಬಕೆಟ್ಟು ತಂದ.
"ಈ ಮನುಷ್ಯನ್ನ ಎಲ್ಲಿಗ್ ಬಿಡ್ಲಿ?"
ಗೇಟಿನ ಹತ್ತಿರದ ಹೊಂಗೆಗೆ ಎಂದೆ.